ತೂಕ ಇಳಿಸೋಕೆ ನೀರು: ಎಷ್ಟು, ಯಾವಾಗ, ಹೇಗೆ ಕುಡೀಬೇಕು?

ಮೊದ್ಲು ಅಡುಗೆಮನೆಗೆ ಹೋಗಿ ನೀವು ದಿನಾ ನೀರು ಕುಡಿಯೋ ಲೋಟ ತಗೊಳ್ಳಿ. ಒಂದು ಲೀಟರ್ ಬಾಟ್ಲಿ ತುಂಬಿಸ್ಕೊಂಡು ಅದ್ರಿಂದ ಲೋಟಕ್ಕೆ ಬಗ್ಗಿಸಿ, ಯಾವಾಗ್ಲೂ ಎಷ್ಟು ತುಂಬಿಸ್ತೀರೋ ಅಷ್ಟೇ, ಅಂಚಿನವರೆಗೂ ಬೇಡ. ಬಾಟ್ಲಿ ಖಾಲಿ ಆಗೋಷ್ಟರಲ್ಲಿ ಎಷ್ಟು ಲೋಟ ಆಯ್ತು ಅಂತ ಎಣಿಸಿ. ನಮ್ಮನೇಲಿ ಆರು ಲೋಟ ಆಯ್ತು. ಅಂದ್ರೆ ಒಂದು ಲೋಟಕ್ಕೆ 165 ಎಂಎಲ್ ಆಸುಪಾಸು. ದಿನಕ್ಕೆ ಎಂಟು ಲೋಟ ಕುಡೀತೀನಲ್ಲ, ಸಾಕು ಅಂತ ವರ್ಷಗಟ್ಟಲೆ ನಂಬ್ಕೊಂಡಿದ್ದೆ, ಲೆಕ್ಕ ಹಾಕಿದ್ರೆ ಒಂದೂಕಾಲು ಲೀಟರ್ ಮೇಲೆ ಸ್ವಲ್ಪ ಅಷ್ಟೇ. ಎಂಟು ಲೋಟ ಅಂತ ಎಲ್ಲ ಕಡೆ ಹೇಳ್ತಾರಲ್ಲ, ಅದು 250 ಎಂಎಲ್ ಲೋಟದ ಲೆಕ್ಕ, ಒಟ್ಟು 2 ಲೀಟರ್. ಹಾಗಾಗಿ ಲೋಟದ ಅಳತೆ ಗೊತ್ತಾಗದೆ ಮುಂದೆ ಹೋಗ್ಬೇಡಿ, ಉಳಿದಿದ್ದೆಲ್ಲಾ ಇದ್ರ ಮೇಲೇ ನಿಂತಿದೆ.

ನೀರು ಕೊಬ್ಬು ಕರಗಿಸತ್ತಾ?

ಇಲ್ಲ. ಇದನ್ನ ನೇರವಾಗಿ ಹೇಳ್ಬಿಡೋದೇ ಒಳ್ಳೇದು, ಯಾಕಂದ್ರೆ ಬೆಳಿಗ್ಗೆ ಬಿಸಿನೀರು ಕುಡಿದ್ರೆ ಹೊಟ್ಟೆ ಬೊಜ್ಜು ಕರಗತ್ತೆ ಅಂತ ಫಾರ್ವರ್ಡ್ ಮೆಸೇಜ್ ನಂಬಿ ತಿಂಗಳುಗಟ್ಟಲೆ ಕುಡಿದು, ಏನೂ ಆಗ್ಲಿಲ್ಲ ಅಂತ ಬೇಜಾರಾಗಿ ನೀರನ್ನೇ ಕಡಿಮೆ ಮಾಡಿದವರನ್ನ ನಾನು ನೋಡಿದೀನಿ. 22 ಡಿಗ್ರಿ ಇರೋ ಅರ್ಧ ಲೀಟರ್ ನೀರನ್ನ ದೇಹ ತನ್ನ 37 ಡಿಗ್ರಿಗೆ ತರೋಕೆ ಖರ್ಚಾಗೋದು ಏಳೂವರೆ ಕ್ಯಾಲೊರಿ, ಒಂದೇ ಒಂದು ಬಾದಾಮಿ ಬೀಜದಲ್ಲಿ ಇರೋಷ್ಟು. ಅದ್ರಿಂದ ಯಾರ ತೂಕಾನೂ ಇಳಿಯಲ್ಲ. ಬಿಸಿನೀರಿಗೆ ಒಂದು ದೊಡ್ಡ ಚಮಚ ಜೇನುತುಪ್ಪ ಹಾಕಿದ್ರಂತೂ 60 ಕ್ಯಾಲೊರಿ ಮೇಲೇ ಒಳಗೆ ಹೋಯ್ತು.

ಹಾಗಿದ್ರೆ ನೀರು ಏನ್ ಮಾಡತ್ತೆ? ಎರಡು ಕೆಲಸ. ಊಟಕ್ಕೆ ಮುಂಚೆ ಕುಡಿದ್ರೆ ಹೊಟ್ಟೇಲಿ ಜಾಗ ಹಿಡ್ಕೊಳ್ಳತ್ತೆ, ತಟ್ಟೆಗೆ ಬಡಿಸ್ಕೊಳ್ಳೋದು ತಾನಾಗೇ ಸ್ವಲ್ಪ ಕಡಿಮೆ ಆಗತ್ತೆ. ಇನ್ನೊಂದು, ಸಕ್ಕರೆ ಹಾಕಿದ ಟೀ, ಕಾಫಿ, ಜ್ಯೂಸು, ಕೂಲ್‌ಡ್ರಿಂಕ್ಸ್ ಜಾಗದಲ್ಲಿ ನೀರು ಬಂದ್ರೆ ಅಷ್ಟು ಸಕ್ಕರೆ ಉಳೀತು. ಇವೆರಡನ್ನ ಬಿಟ್ಟು ಬರೀ ಲೀಟರ್ ಎಣಿಸ್ತಾ ಕೂತ್ರೆ ಬಾತ್‌ರೂಮಿಗೆ ಓಡಾಟ ಜಾಸ್ತಿ ಆಗತ್ತೆ ಹೊರತು ತೂಕದ ಮಷಿನ್ನು ಅಲ್ಲಾಡಲ್ಲ.

ಎಷ್ಟು ಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆರೋಗ್ಯವಾಗಿರೋರಿಗೆ ಹೇಳೋದು ದಿನಕ್ಕೆ ಸುಮಾರು 2 ಲೀಟರ್. ಅಮೆರಿಕದವರ ಲೆಕ್ಕ ಹೆಂಗಸರಿಗೆ 2.7, ಗಂಡಸರಿಗೆ 3.7 ಲೀಟರ್ ಅಂತ ಇದೆ, ಆದ್ರೆ ಅದ್ರಲ್ಲಿ ಊಟದಿಂದ ಬರೋ ನೀರು, ಟೀ ಕಾಫಿ ಎಲ್ಲ ಸೇರಿದೆ, ಅದನ್ನ ನೋಡಿ ನಾಲ್ಕು ಲೀಟರ್ ಬರೀ ನೀರೇ ಕುಡೀಬೇಕು ಅಂತ ತಪ್ಪು ತಿಳ್ಕೋಬೇಡಿ. ನಮ್ಮ ಊಟದಲ್ಲಿ ಸಾರು, ಹುಳಿ, ಮಜ್ಜಿಗೆ ಅಂತ ನೀರು ಚೆನ್ನಾಗೇ ಇರತ್ತೆ. ಸೌತೆಕಾಯಿ, ಸೋರೆಕಾಯಿ, ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಜಾಸ್ತಿ ನೀರೇ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಲ್ಲಿ ಕೆಲಸ ಮಾಡೋರಿಗೂ ಮಡಿಕೇರಿಯ ಜುಲೈ ಮಳೇಲಿ ಮನೆಯೊಳಗೆ ಇರೋರಿಗೂ ಒಂದೇ ಅಳತೆ ಹೇಳೋಕಾಗಲ್ಲ. 2 ಲೀಟರ್ ಇಂದ ಶುರು ಮಾಡಿ, ಬೆವರು ಜಾಸ್ತಿ ಇದ್ರೆ ಏರಿಸ್ಕೊಳ್ಳಿ.

ಸರಿಯಾಗಿದ್ಯಾ ಅಂತ ನೋಡೋಕೆ ಆಪ್ ಏನೂ ಬೇಡ, ಮೂತ್ರದ ಬಣ್ಣ ನೋಡಿ. ತೆಳು ಹಳದಿ ಇದ್ರೆ ಸರಿ. ಗಾಢ ಹಳದಿ ಆಗಿ ವಾಸನೆ ಬರ್ತಿದ್ರೆ ಸಾಲ್ತಿಲ್ಲ. ನೀರಿನ ಥರ ಪೂರ್ತಿ ಬಿಳಿ ಇದ್ದು ಅರ್ಧ ಗಂಟೆಗೊಂದ್ಸಲ ಹೋಗ್ಬೇಕಾಗ್ತಿದ್ರೆ ಜಾಸ್ತಿ ಆಯ್ತು. ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಳ್ತಿದ್ರೆ ಮಾತ್ರ ಎಷ್ಟು ನೀರು ಕುಡಿದ್ರೂ ಎದ್ದು ಕಾಣೋ ಹಳದಿ ಬರತ್ತೆ, ಗಾಬರಿ ಬೇಡ. ಮನೇಲಿ ವಯಸ್ಸಾದವರಿದ್ರೆ ಅವ್ರಿಗೆ ನೀವೇ ನೆನಪು ಮಾಡ್ಬೇಕು, ವಯಸ್ಸಾಗ್ತಾ ಬಾಯಾರಿಕೆ ಗೊತ್ತಾಗೋದೇ ಕಡಿಮೆ ಆಗತ್ತೆ.

ಊಟಕ್ಕೆ ಅರ್ಧ ಗಂಟೆ ಮುಂಚೆ ಅರ್ಧ ಲೀಟರ್

ನಿಜವಾದ ಕೆಲಸ ಇರೋದು ಇಲ್ಲಿ. 2010ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 55 ವರ್ಷ ದಾಟಿದ, ತೂಕ ಜಾಸ್ತಿ ಇದ್ದವರನ್ನ ಎರಡು ಗುಂಪು ಮಾಡಿ ಇಬ್ಬರಿಗೂ ಕಡಿಮೆ ಕ್ಯಾಲೊರಿ ಊಟ ಕೊಟ್ರು, ಒಂದು ಗುಂಪಿಗೆ ಮಾತ್ರ ಮೂರು ಹೊತ್ತೂ ಊಟಕ್ಕೆ ಮುಂಚೆ 500 ಎಂಎಲ್ ನೀರು ಕುಡೀರಿ ಅಂದ್ರು. 12 ವಾರ ಆದ್ಮೇಲೆ ನೀರು ಕುಡಿದ ಗುಂಪಿನವರು ಇನ್ನೊಂದು ಗುಂಪಿಗಿಂತ ಸುಮಾರು 2 ಕೆಜಿ ಜಾಸ್ತಿ ಇಳಿದಿದ್ರು. 2015ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 84 ಜನರ ಮೇಲೆ ಇದೇ ಥರ ಮಾಡಿದ್ರು, ಅರ್ಧ ಗಂಟೆ ಮುಂಚೆ ಅರ್ಧ ಲೀಟರ್. ಇನ್ನೊಂದು ಗುಂಪಿಗೆ ನೀರು ಬೇಡ, ಊಟಕ್ಕೆ ಮುಂಚೆ ಹೊಟ್ಟೆ ತುಂಬಿದೆ ಅಂತ ಕಲ್ಪನೆ ಮಾಡ್ಕೊಳ್ಳಿ ಅಂತ ಹೇಳಿದ್ರು. 12 ವಾರಕ್ಕೆ ವ್ಯತ್ಯಾಸ 1.3 ಕೆಜಿ. ದೊಡ್ಡ ಸಂಖ್ಯೆ ಅಲ್ಲ, ಆದ್ರೆ ಕಾಸು ಖರ್ಚಿಲ್ಲದೆ ಬಂದಿದ್ದು.

ನಮ್ಮಲ್ಲಿ ಇದು ಹೊಸ ಮಾತೂ ಅಲ್ಲ. ವಾಗ್ಭಟನ ಅಷ್ಟಾಂಗ ಹೃದಯ ಅನ್ನೋ ಹಳೇ ಆಯುರ್ವೇದ ಗ್ರಂಥದಲ್ಲಿ ಊಟಕ್ಕೆ ಮೊದಲು ನೀರು ಕುಡಿದವರು ತೆಳ್ಳಗಾಗ್ತಾರೆ, ಮಧ್ಯೆ ಕುಡಿದವರು ಸಮವಾಗಿರ್ತಾರೆ, ಕೊನೇಲಿ ಕುಡಿದವರು ದಪ್ಪ ಆಗ್ತಾರೆ ಅಂತ ಇದೆ. ಊಟ ಆದ್ಮೇಲೆ ನೀರು ಕುಡಿದ್ರೆ ದಪ್ಪ ಆಗ್ತಾರೆ ಅನ್ನೋದಕ್ಕೆ ನನಗೆ ಆಧಾರ ಕಾಣ್ಲಿಲ್ಲ, ಆದ್ರೆ ಮೊದಲು ಕುಡಿಯೋ ಮಾತು ಮಾತ್ರ ಈಗಿನ ಪ್ರಯೋಗಕ್ಕೆ ಸರಿಯಾಗಿ ಕೂಡತ್ತೆ.

ಮಾಡೋ ರೀತಿ ಹೇಳ್ತೀನಿ. ಮೊದಲ ವಾರ ಮೂರು ಹೊತ್ತೂ ಬರೀ ಒಂದು ದೊಡ್ಡ ಲೋಟ, ಅಂದ್ರೆ 250 ಎಂಎಲ್. ಎರಡನೇ ವಾರದಿಂದ ಎರಡು ಲೋಟ. ಒಂದೇ ಉಸಿರಿಗೆ ಗಟಗಟ ಅಂತ ಕುಡೀಬೇಡಿ, ಹತ್ತು ನಿಮಿಷ ಹಿಡೀಲಿ. ಅನ್ನಕ್ಕೆ ಕುಕ್ಕರ್ ಇಟ್ಟ ತಕ್ಷಣ ನಾನು ಕುಡಿಯೋಕೆ ಶುರು ಮಾಡ್ತೀನಿ, ಅದು ಕೂಗಿ, ಪ್ರೆಷರ್ ಇಳಿದು, ತಟ್ಟೆ ಹಾಕೋಷ್ಟರಲ್ಲಿ ಸರಿಯಾಗಿ ಅರ್ಧ ಗಂಟೆ ಆಗಿರತ್ತೆ, ಅಲಾರಂ ಇಡೋ ಗೋಜೇ ಇಲ್ಲ. ಆಫೀಸಲ್ಲಿ ಇರೋರು ಊಟದ ಡಬ್ಬಿ ಪಕ್ಕದಲ್ಲೇ ಅರ್ಧ ಲೀಟರ್ ಬಾಟ್ಲಿ ಇಟ್ಕೊಂಡು, ಒಂದು ಗಂಟೆಗೆ ಊಟ ಅಂದ್ರೆ ಹನ್ನೆರಡೂವರೆಗೆ ಅದನ್ನ ಖಾಲಿ ಮಾಡಿ. ಎರಡು ಗಂಟೆ ಮುಂಚೆನೇ ಕುಡಿದ್ರೆ ಪ್ರಯೋಜನ ಇಲ್ಲ, ನೀರು ಹೊಟ್ಟೇಲಿ ಅಷ್ಟೊತ್ತು ನಿಲ್ಲಲ್ಲ. ಅರ್ಧ ಲೀಟರ್ ಕುಡಿದು ಹೊಟ್ಟೆ ಭಾರ ಅನ್ಸಿದ್ರೆ ಒಂದು ಲೋಟ ನೀರು, ಊಟಕ್ಕೆ ಕೂತಾಗ ಮೊದಲು ಒಂದು ಬಟ್ಟಲು ತಿಳಿಸಾರು ಅಂತ ಮಾಡಿ, ಅದೂ ಅದೇ ಕೆಲಸ ಮಾಡತ್ತೆ. ಊಟದ ಮಧ್ಯೆ ಗಂಟಲು ಒಣಗಿದ್ರೆ ಎರಡು ಗುಟುಕು ಕುಡೀರಿ, ಜೀರ್ಣ ರಸ ತೆಳ್ಳಗಾಗ್ಬಿಡತ್ತೆ ಅಂತ ಹೆದರೋದು ಬೇಡ.

ಮತ್ತೆ ಮುಖ್ಯವಾದ್ದು, ಎರಡನೇ ಸಲ ಅನ್ನ ಬಡಿಸ್ಕೊಳ್ಳೋ ಮುಂಚೆ ಒಂದು ನಿಮಿಷ ಸುಮ್ನಿರಿ. ನೀರು ಕುಡಿದು, ಆಮೇಲೆ ಅಭ್ಯಾಸಬಲದಿಂದ ಮುಂಚಿನಷ್ಟೇ ತಿಂದ್ರೆ ಏನೂ ಇಳಿಯಲ್ಲ. ಕಡಿಮೆ ಬಡಿಸ್ಕೊಳ್ಳೋಕೆ ನೀರು ಸಹಾಯ ಮಾಡತ್ತೆ, ಬಡಿಸ್ಕೊಳ್ಳೋ ಕೈ ನಮ್ದೇ.

ಟೀ ಲೋಟದೊಳಗಿನ ಸಕ್ಕರೆ

ಇದಕ್ಕೆ ನಾನು ಒಂದು ಕೆಲಸ ಮಾಡಿದ್ದೆ, ನೀವೂ ಮಾಡಿ ನೋಡಿ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಆ ಎಂಟು ಚಮಚ ಸಕ್ಕರೇನ ಒಂದು ಬಟ್ಟಲಿಗೆ ಹಾಕ್ದೆ. ಬಟ್ಟಲ ತಳ ಮುಚ್ಚಿ ಗುಡ್ಡೆ ಥರ ನಿಂತ್ಕೊಳ್ತು. ಒಂದು ಚಮಚ 5 ಗ್ರಾಂ ಅಂದ್ರೆ 40 ಗ್ರಾಂ, 160 ಕ್ಯಾಲೊರಿ. ತಿಂಗಳಿಗೆ 1,200 ಗ್ರಾಂ, ಅಂಗಡಿಯ ಒಂದು ಕೆಜಿ ಪ್ಯಾಕೆಟ್ ಪೂರ್ತಿ ಮುಗಿದು ಇನ್ನೂ 200 ಗ್ರಾಂ, ಬರೀ ನನ್ನೊಬ್ಬಳ ಟೀಗೆ. ಅದನ್ನ ಕಣ್ಣಾರೆ ನೋಡಿದ ಮೇಲೆ ಟೀ ಎರಡಕ್ಕಿಳಿಸಿ ಒಂದೊಂದು ಚಮಚ ಸಕ್ಕರೆ ಮಾಡ್ಕೊಂಡೆ, ಒಂದೇ ದಿನದಲ್ಲಿ ಅಲ್ಲ, ವಾರಕ್ಕೆ ಅರ್ಧ ಚಮಚ ಇಳಿಸ್ತಾ. ಈಗ ತಿಂಗಳಿಗೆ 900 ಗ್ರಾಂ ಸಕ್ಕರೆ ಉಳೀತಿದೆ, 3,600 ಕ್ಯಾಲೊರಿ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ ಅಂತಾರೆ, ಲೆಕ್ಕ ನೀವೇ ಹಾಕ್ಕೊಳ್ಳಿ.

ಬಿಟ್ಟ ಆ ಎರಡು ಟೀ ಹೊತ್ತಲ್ಲಿ, ಹನ್ನೊಂದು ಗಂಟೆಗೆ ಮತ್ತೆ ಸಂಜೆ, ಒಂದೊಂದು ಲೋಟ ನೀರು. ಸಪ್ಪೆ ನೀರು ಇಳಿಯಲ್ಲ ಅನ್ನೋರು ಜೀರಿಗೆ ಕುದಿಸಿದ ನೀರು, ಲಾವಂಚದ ಬೇರು ಹಾಕಿಟ್ಟ ಮಡಕೆ ನೀರು, ಸಕ್ಕರೆ ಇಲ್ಲದ ನಿಂಬೆ ನೀರು ಕುಡೀಬಹುದು. ನೀರು ಮಜ್ಜಿಗೆ ತುಂಬಾ ಒಳ್ಳೇದು, ಬಿಪಿ ಇದ್ದವರು ಉಪ್ಪು ಹಾಕ್ಬೇಡಿ. ಎಳನೀರು ಒಳ್ಳೇದೇ ಆದ್ರೆ ಅದನ್ನ ಬರೀ ನೀರು ಅಂತ ಲೆಕ್ಕ ಹಿಡೀಬೇಡಿ, ಅದ್ರಲ್ಲೂ ಸಕ್ಕರೆ ಅಂಶ ಇದೆ, ದಿನಕ್ಕೊಂದು ಸಾಕು. ಕೂಲ್‌ಡ್ರಿಂಕ್ಸ್ ಬಾಟ್ಲಿ ಹಿಂದೆ ತಿರುಗಿಸಿ ಓದಿ, ಕೋಲಾಗಳಲ್ಲಿ 100 ಎಂಎಲ್‌ಗೆ 10 ಗ್ರಾಂ ಆಸುಪಾಸು ಸಕ್ಕರೆ ಇರತ್ತೆ, ಒಂದು ಸಣ್ಣ ಬಾಟ್ಲಿಗೆ ಐದು ಚಮಚ. ಫ್ರೆಂಡ್ಸ್ ಜೊತೆ ಟೀ ಅಂಗಡಿಗೆ ಹೋಗ್ಲೇಬೇಕು ಅಂದ್ರೆ ಬೈಟು ಹೇಳಿ, ಮಾತೂ ಆಯ್ತು, ಸಕ್ಕರೆ ಅರ್ಧ ಆಯ್ತು. ಮತ್ತೆ ಊಟದ ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ, ಊಟದಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋಕೆ ಅದು ಬಿಡಲ್ಲ, ರಕ್ತ ಕಡಿಮೆ ಇರೋ ಹೆಂಗಸರಂತೂ ಇದನ್ನ ಮರೀಬಾರದು.

ಬಾತ್‌ರೂಮ್ ಇಲ್ಲ ಅಂತ ನೀರು ಬಿಡೋರಿಗೆ

ನೀರು ಕುಡೀರಿ ಅಂತ ಬರೆಯೋರು ಇದನ್ನ ಬರೆಯೋದೇ ಇಲ್ಲ, ಆದ್ರೆ ನನಗೆ ಗೊತ್ತಿರೋ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ನೀರು ಕುಡಿಯದೆ ಇರೋದು ಮರೆವಿನಿಂದ ಅಲ್ಲ, ಹೋಗೋಕೆ ಜಾಗ ಇಲ್ಲ ಅಂತ. ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಹೆಂಗಸರ ಟಾಯ್ಲೆಟ್‌ಗೆ ಬೀಗ, ಕೀ ಗಂಡಸರು ಕೂರೋ ಟೇಬಲ್ ಮೇಲೆ, ಪ್ರತಿ ಸಲ ಹೋಗಿ ಕೇಳ್ಬೇಕು. ಕೇಳೋಕೆ ಮುಜುಗರ ಆಗಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅರ್ಧ ಲೋಟ ನೀರಲ್ಲಿ ಕಳೀತಿದ್ದೆ, ಸುಸ್ತಾದಾಗೆಲ್ಲ ಟೀ ಬಿಸ್ಕತ್ತು, ಮನೆಗೆ ಬಂದ ತಕ್ಷಣ ಕೈಗೆ ಸಿಕ್ಕಿದ್ದೆಲ್ಲ ತಿನ್ನೋದು. ಒಂದೇ ವರ್ಷದಲ್ಲಿ ಎರಡು ಸಲ ಉರಿಮೂತ್ರ ಆಯ್ತು. ಎರಡನೇ ಸಲ ಡಾಕ್ಟರಮ್ಮ ಬರೆದುಕೊಟ್ಟಿದ್ರಲ್ಲಿ ಮಾತ್ರೆಗಿಂತ ಮೇಲೆ ಇದ್ದಿದ್ದು ನೀರು. ಆಮೇಲೆ ನಾವು ಆರು ಜನ ಹೆಂಗಸರು ಒಟ್ಟಿಗೆ ಹೋಗಿ ಕೇಳಿದ್ವಿ, ಎರಡನೇ ಕೀ ಮಾಡಿಸಿ ನಮ್ಮ ಬೀರುವಿನಲ್ಲೇ ಇಟ್ರು. ನಿಮ್ಮಲ್ಲೂ ಹೀಗೇ ಇದ್ರೆ ಒಬ್ಬರೇ ಕೇಳ್ಬೇಡಿ, ಒಟ್ಟಿಗೆ ಕೇಳಿ.

ದೂರದ ಬಸ್ ಪ್ರಯಾಣ ಇದ್ರೆ ಹೊರಡೋಕೆ ಒಂದೂವರೆ ಗಂಟೆ ಮುಂಚೆ ಒಂದೆರಡು ಲೋಟ ಕುಡಿದು, ಹತ್ತೋ ಮುಂಚೆ ಹೋಗಿ ಬಂದು, ದಾರೀಲಿ ಬರೀ ಗುಟುಕು ಗುಟುಕು ಕುಡೀರಿ, ಬಸ್ಸು ಊಟಕ್ಕೆ ನಿಲ್ಲಿಸೋ ಜಾಗ ಹತ್ರ ಬಂದಾಗ ಉಳಿದಿದ್ದು. ಪೂರ್ತಿ ಬಿಟ್ಟು ಕೂರ್ಬೇಡಿ. ರಾತ್ರಿ ಎದ್ದೇಳೋದು ತಪ್ಪಬೇಕು ಅಂದ್ರೆ ದಿನದ ನೀರನ್ನ ಎಂಟು ಗಂಟೆ ಒಳಗೆ ಮುಗಿಸಿ, ನಿದ್ದೆ ಕೆಟ್ರೆ ಮಾರನೇ ದಿನ ಹಸಿವು ಜಾಸ್ತಿ.

ಯಾರು ಹೀಗೆ ಕುಡೀಬಾರದು

ಕಿಡ್ನಿ ತೊಂದ್ರೆ ಇರೋರು, ಹಾರ್ಟ್ ಫೇಲ್ಯೂರ್ ಅಂತ ಹೇಳಿಸ್ಕೊಂಡವರು, ಲಿವರ್ ಕಾಯಿಲೆಯಿಂದ ಹೊಟ್ಟೇಲಿ ನೀರು ತುಂಬೋರು, ಮೂತ್ರ ಹೋಗೋ ಮಾತ್ರೆ ನುಂಗೋರು, ಇವ್ರಿಗೆಲ್ಲ ಡಾಕ್ಟ್ರು ದಿನಕ್ಕೆ ಇಷ್ಟೇ ನೀರು ಅಂತ ಹೇಳಿರ್ಬಹುದು, ಹೇಳಿಲ್ಲ ಅಂದ್ರೂ ಕೇಳ್ದೆ ಶುರು ಮಾಡ್ಬೇಡಿ. ಬಸುರಿಯರು ನೀರು ಚೆನ್ನಾಗಿ ಕುಡೀಬೇಕು ನಿಜ, ಆದ್ರೆ ತೂಕ ಇಳಿಸೋ ಯೋಚನೆ ಆಗ ಬೇಡ್ವೇ ಬೇಡ.

ಆರೋಗ್ಯವಾಗಿರೋರೂ ಬೆಳಿಗ್ಗೆ ಎದ್ದು ಒಂದೂವರೆ ಲೀಟರ್ ಒಟ್ಟಿಗೆ ಕುಡಿಯೋ ಸಾಹಸ ಮಾಡ್ಬೇಡಿ. ಕಿಡ್ನಿ ಗಂಟೆಗೆ ಹೊರಗೆ ಹಾಕೋಕಾಗೋದು ಹೆಚ್ಚು ಅಂದ್ರೆ ಒಂದು ಲೀಟರ್ ಆಸುಪಾಸು. ಅದಕ್ಕಿಂತ ಜಾಸ್ತಿ ಕುಡೀತಾನೇ ಹೋದ್ರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಆಮೇಲೆ ಮಂಕು ಕವಿಯೋದು, ಫಿಟ್ಸ್ ಬರೋದು, ಪ್ರಾಣಕ್ಕೇ ಅಪಾಯ ಇದೆ. ಊಟ ಬಿಟ್ಟು ಬರೀ ನೀರಲ್ಲಿ ದಿನಗಟ್ಟಲೆ ಇರೋದೂ ಬೇಡ.

ತೂಕ ನೋಡೋದು ಯಾವಾಗ

ಅರ್ಧ ಲೀಟರ್ ನೀರು ಕುಡಿದು ಮಷಿನ್ ಮೇಲೆ ನಿಂತ್ರೆ ಅರ್ಧ ಕೆಜಿ ಜಾಸ್ತಿ ತೋರ್ಸತ್ತೆ, ಅದು ನೀರಿನ ತೂಕ. ಹಿಂದಿನ ದಿನ ಹಪ್ಪಳ, ಉಪ್ಪಿನಕಾಯಿ ಜಾಸ್ತಿ ಆದ್ರೂ ಉಪ್ಪು ನೀರನ್ನ ಹಿಡಿದಿಟ್ಕೊಂಡು ಮಷಿನ್ನಲ್ಲಿ ಏರಿರತ್ತೆ. ಹಾಗಾಗಿ ವಾರಕ್ಕೊಂದೇ ದಿನ, ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಮೊದಲ ಲೋಟ ನೀರಿಗೂ ಮುಂಚೆ ನೋಡಿ, ಕ್ಯಾಲೆಂಡರ್ ಮೇಲೆ ಬರೀರಿ. ಮೂರು ತಿಂಗಳಲ್ಲಿ ನನ್ನ ತೂಕ 74 ಇಂದ 71ಕ್ಕೆ ಬಂತು. ಸಂಜೆ ನಡೆಯೋಕೂ ಹೋಗ್ತಿದ್ದೆ, ಅದಕ್ಕೇ ಇದ್ರಲ್ಲಿ ನೀರಿಂದ ಇಷ್ಟು, ನಡಿಗೆಯಿಂದ ಇಷ್ಟು ಅಂತ ಭಾಗ ಮಾಡಿ ಹೇಳೋಕಾಗಲ್ಲ. ಕ್ಯಾಲೆಂಡರಿನಲ್ಲಿ ನಾಲ್ಕನೇ ವಾರ 73.2, ಐದನೇ ವಾರ 73.6 ಅಂತಿದೆ, ಅದು ನಮ್ಮನೇಲಿ ಹಬ್ಬ ಆದ ವಾರ. ಆರನೇ ವಾರಕ್ಕೆ 72.9.