ಹಳೆಯ ಜಿಪ್ಸಿಗೆ ಹೊಸ ಹೆಡರ್: ಆರಿಸುವುದು ಹೇಗೆ, ಕೂರಿಸುವುದು ಹೇಗೆ?

ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಒಳಗಿನಿಂದ ಟಿಕ್ ಟಿಕ್ ಸದ್ದು. ಐದು ನಿಮಿಷದಲ್ಲಿ ಎಂಜಿನ್ ಬಿಸಿಯಾಗುತ್ತಿದ್ದಂತೆ ಸದ್ದು ಮಾಯ. ನನ್ನ ಜಿಪ್ಸಿಯಲ್ಲಿ ಇದು ಶುರುವಾದಾಗ ಟ್ಯಾಪೆಟ್ ಸಡಿಲವಾಗಿದೆ ಎಂದುಕೊಂಡು ಎರಡು ಸಲ ವಾಲ್ವ್ ಸೆಟ್ ಮಾಡಿಸಿದೆ. ಸದ್ದು ಬರುತ್ತಿದ್ದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಮಾಡಿ ಸೈಲೆನ್ಸರಿನ ಕಡೆಗೆ ಕಳಿಸುವ ಎರಕದ ಕೊಳವೆಯ, ಕೂದಲೆಳೆಯಷ್ಟು ಬಿರುಕಿನಿಂದ. ಎರಕದ ಕಬ್ಬಿಣ ಕಾದಾಗ ಹಿಗ್ಗಿ ಬಿರುಕನ್ನು ಮುಚ್ಚಿಕೊಳ್ಳುತ್ತದೆ. ತಣ್ಣಗಾದಾಗ ಮತ್ತೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲು, ಸಂಡೂರಿನ ಏರು ದಾರಿ, ಮಳೆಗಾಲದಲ್ಲಿ ಹಳ್ಳ ದಾಟುವಾಗ ಕಾದ ಎರಕದ ಮೇಲೆ ಎರಚುವ ತಣ್ಣೀರು, ಇವೆಲ್ಲವನ್ನೂ ಇಪ್ಪತ್ತೈದು ವರ್ಷ ತಿಂದ ಕಬ್ಬಿಣ ಸೀಳದೆ ಇರುವುದೇ ಹೆಚ್ಚು.

ಬಿರುಕಿಗೆ ನಿಕ್ಕಲ್ ರಾಡಿನಿಂದ ವೆಲ್ಡಿಂಗ್ ಮಾಡಿಸಬಹುದು. ಆದರೆ ಬಹಳ ಸಲ ವೆಲ್ಡಿಂಗಿನ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ಗುಜರಿಯಲ್ಲಿ ಸಿಗುವ ಮ್ಯಾನಿಫೋಲ್ಡಿಗೂ ಅಷ್ಟೇ ವಯಸ್ಸಾಗಿರುತ್ತದೆ. ಆಗ ಹೆಡರಿನ ಯೋಚನೆ ಬರುತ್ತದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಉಕ್ಕಿನ ಪೈಪುಗಳು ಬೇರೆ ಬೇರೆಯಾಗಿ ಹೊರಟು, ಕೆಳಗೆ ಒಂದಾಗಿ ಸೈಲೆನ್ಸರಿನ ಪೈಪಿಗೆ ಸೇರುವ ಜೋಡಣೆ ಇದು.

ಹೆಡರಿನಿಂದ ಎಂಜಿನ್ನಿನ ಬಲ ಎರಡರಷ್ಟು ಆಗುವುದಿಲ್ಲ. ಸರಿಯಾದುದನ್ನು ಆರಿಸಿದರೆ ಏರಿನಲ್ಲಿ ಎಳೆತ ಸ್ವಲ್ಪ ಸುಧಾರಿಸುತ್ತದೆ, ಮುಂಭಾಗದ ಭಾರ ಕೆಲವು ಕಿಲೋ ಇಳಿಯುತ್ತದೆ. ತಪ್ಪು ಹೆಡರ್ ಹಾಕಿದರೆ ಇದ್ದ ಎಳೆತವೂ ಹೋಗುತ್ತದೆ. ಸದ್ದಿಗಾಗಿ ಹೆಡರ್ ಹಾಕಿಸುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಮೊದಲು ನಿಮ್ಮ ಎಂಜಿನ್ ಯಾವುದು ನೋಡಿ

ಜಿಪ್ಸಿ 1985ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು 970 ಸಿಸಿ ಎಂಜಿನ್. 1996ರ ಜಿಪ್ಸಿ ಕಿಂಗ್‌ಗೆ 1298 ಸಿಸಿಯ ಎಂಟು ವಾಲ್ವಿನ ಕಾರ್ಬೊರೇಟರ್ ಎಂಜಿನ್ ಬಂತು. 2000ದಲ್ಲಿ ಎಂಪಿಎಫ್‌ಐ (ಕಾರ್ಬೊರೇಟರಿನ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ) ಬಂದಾಗ ವಾಲ್ವುಗಳು ಹದಿನಾರಾದವು. ಒಂದರ ಹೆಡರ್ ಇನ್ನೊಂದಕ್ಕೆ ಕೂರುವುದಿಲ್ಲ. ‘ಜಿಪ್ಸಿ ಹೆಡರ್ ಕೊಡಿ’ ಎಂದು ಅಷ್ಟೇ ಕೇಳಬೇಡಿ. ಎಂಜಿನ್ ಯಾವುದೆಂದು ಹೇಳಿ, ಎಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವೆ ಸೋರದಂತೆ ಕೂರುವ ಹಳೆಯ ಪ್ಯಾಕಿಂಗ್ (ಗ್ಯಾಸ್ಕೆಟ್) ಇದ್ದರೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಟರ್ಬೊ ಇಲ್ಲದ ಹಳೆಯ ಡೀಸೆಲ್ ಜೀಪುಗಳಿಗೆ ಹೆಡರಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಅದೇ ಹಣವನ್ನು ಇಂಜೆಕ್ಟರ್ ಪರೀಕ್ಷೆಗೆ, ಏರ್ ಫಿಲ್ಟರಿಗೆ ಹಾಕಿ.

ಎಳೆತ ಎಲ್ಲಿಂದ ಬರುತ್ತದೆ

ಎಂಜಿನ್ 1500 ಸುತ್ತಿನಲ್ಲಿ ಏರು ಹತ್ತುತ್ತಿದೆ ಎಂದುಕೊಳ್ಳಿ. ನಾಲ್ಕು ಸಿಲಿಂಡರುಗಳಿಂದ ಸೆಕೆಂಡಿಗೆ 50 ಸಲ ಹೊಗೆ ಹೊರಗೆ ಚಿಮ್ಮುತ್ತದೆ. ರಭಸದಿಂದ ಓಡುವ ಒಂದೊಂದು ಹೊಗೆಯ ಮುದ್ದೆಯೂ ತನ್ನ ಹಿಂದೆ ಒಂದು ಸೆಳೆತವನ್ನು ಬಿಟ್ಟು ಹೋಗುತ್ತದೆ. ಆ ಸೆಳೆತ ಸರಿಯಾದ ಗಳಿಗೆಗೆ ಸಿಕ್ಕರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದು ಹಾಕುತ್ತದೆ, ಹೊಸ ಗಾಳಿಗೆ ಜಾಗವಾಗುತ್ತದೆ. ಪೈಪ್ ಅತಿ ಅಗಲವಾದರೆ ಈ ರಭಸ ಸತ್ತುಹೋಗುತ್ತದೆ. ತುಂಗಭದ್ರಾ ಕಾಲುವೆಯ ತೂಬಿನಲ್ಲಿ ನುಗ್ಗುವ ನೀರಿಗೆ ಗದ್ದೆಗೆ ಬಿದ್ದು ಹರಡಿದ ಮೇಲೆ ಆ ಬಲ ಎಲ್ಲಿರುತ್ತದೆ? ಇದೂ ಹಾಗೆಯೇ.

ಆದ್ದರಿಂದ ಕಲ್ಲುದಾರಿಗೆ, ಎರೆಮಣ್ಣಿನ ಕೆಸರಿಗೆ ಹೋಗುವ ಗಾಡಿಗೆ ನಾಲ್ಕು ಪೈಪ್ ಎರಡಾಗಿ, ಎರಡು ಒಂದಾಗುವ ಹೆಡರೇ ತಕ್ಕದ್ದು. ಅಂಗಡಿಯಲ್ಲಿ ಇದನ್ನು ‘ಫೋರ್-ಟೂ-ಒನ್’ (4-2-1) ಎನ್ನುತ್ತಾರೆ. ನಾಲ್ಕೂ ಒಂದೇ ಕಡೆ ಸೇರುವ ಗಿಡ್ಡ ಪೈಪಿನ ಹೆಡರ್ ಹೆಚ್ಚು ಸುತ್ತಿನಲ್ಲಿ ಓಡುವ ರೇಸ್ ಗಾಡಿಗೆ ಒಪ್ಪುತ್ತದೆ. 1298 ಸಿಸಿಗೆ ಹೊರ ಅಳತೆ 35 ಮಿ.ಮೀ. ಆಸುಪಾಸಿನ ಪೈಪ್ ಸಾಕು. 42ರ ಪೈಪ್ ತೋರಿಸಿ ‘ಫ್ರೀ ಫ್ಲೋ’ ಎಂದರೆ ಒಪ್ಪಿಕೊಳ್ಳಬೇಡಿ.

ಅಂಗಡಿಯಲ್ಲೇ ಕಣ್ಣಳತೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಈ ಎಂಜಿನ್ನಿನ ಉರಿಯುವ ಸರದಿ 1-3-4-2. ಹಾಗಾಗಿ ಒಂದು ಮತ್ತು ನಾಲ್ಕನೆಯ ಪೈಪುಗಳು ಜೊತೆಯಾಗಬೇಕು, ಎರಡು ಮತ್ತು ಮೂರು ಜೊತೆಯಾಗಬೇಕು. ಆಗ ಪ್ರತಿ ಜೋಡಿಯಲ್ಲಿ ಹೊಗೆ ಸಮ ಅಂತರದಲ್ಲಿ ಬರುತ್ತದೆ. ಒಂದನೆಯದನ್ನು ಎರಡಕ್ಕೆ, ಮೂರನೆಯದನ್ನು ನಾಲ್ಕಕ್ಕೆ ಕೂಡಿಸಿದ ಹೆಡರ್ ಕಂಡರೆ ಕೆಳಗಿಟ್ಟು ಬನ್ನಿ. ಅದನ್ನು ಮಾಡಿದವರು ಪೈಪ್ ಬಗ್ಗಿಸುವುದು ಸುಲಭವಾಗಲೆಂದು ಹಾಗೆ ಮಾಡಿದ್ದಾರೆ.

ಫ್ಲ್ಯಾಂಜ್ ನೋಡದೆ ಹಣ ಕೊಡಬೇಡಿ

ನಾನು ಮೊದಲು ತಂದ ಹೆಡರ್ ಹೊಳೆಯುತ್ತಿತ್ತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೆ ಅಂಟಿ ಕೂರುವ ಅದರ ಪಟ್ಟಿ, ಅಂದರೆ ಫ್ಲ್ಯಾಂಜ್, ಮಾತ್ರ ಐದು ಮಿ.ಮೀ. ದಪ್ಪದ ತಗಡು. ಎರಡೇ ತಿಂಗಳಲ್ಲಿ ಅದು ಸೊಟ್ಟಗಾಗಿ, ಎರಡು ಮತ್ತು ಮೂರನೆಯ ಸಿಲಿಂಡರಿನ ನಡುವೆ ಕಾಡಿಗೆಯ ಗೆರೆ ಮೂಡಿತು. ಎಂಟರಿಂದ ಹತ್ತು ಮಿ.ಮೀ. ದಪ್ಪವಿಲ್ಲದ ಫ್ಲ್ಯಾಂಜನ್ನು ಅಂದಿನಿಂದ ನಾನು ಮುಟ್ಟಿಲ್ಲ.

ಫ್ಲ್ಯಾಂಜನ್ನು ದಪ್ಪ ಗಾಜಿನ ಮೇಲೆ ಮಲಗಿಸಿ ಅಥವಾ ಅದರ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ. 0.1 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ನಡುವೆ ತೂರಿದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಲೇಬೇಕು. ಮೊಬೈಲ್ ಟಾರ್ಚ್ ಹಿಡಿದು ಪೈಪಿನ ಒಳಗೆ ನೋಡಿ; ವೆಲ್ಡಿಂಗಿನ ಗಂಟುಗಳು ಒಳಗೆ ಚಾಚಿಕೊಂಡಿದ್ದರೆ ಉಜ್ಜಿಸಿ. ಹಳೆಯ ಪ್ಯಾಕಿಂಗನ್ನು ಫ್ಲ್ಯಾಂಜಿನ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದರೆ ರಂಧ್ರಗಳು ಹೊಂದುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ. ಹೆಡ್ಡಿನ ರಂಧ್ರಕ್ಕಿಂತ ಹೆಡರಿನದು ಚಿಕ್ಕದಿರಬಾರದು.

ಲೋಹದ ಮಾತು ಚಿಕ್ಕದು. ಸಾದಾ ಉಕ್ಕು ಅಗ್ಗ, ತುಕ್ಕು ಹಿಡಿಯುತ್ತದೆ. 304 ಸ್ಟೇನ್‌ಲೆಸ್ ಬಾಳುತ್ತದೆ, ಆದರೆ ಹೆಚ್ಚು ಹಿಗ್ಗುತ್ತದೆ: ಅರ್ಧ ಮೀಟರ್ ಪೈಪ್ 400 ಡಿಗ್ರಿ ಬಿಸಿ ಏರಿದರೆ ಸುಮಾರು ಮೂರೂವರೆ ಮಿ.ಮೀ. ಉದ್ದವಾಗುತ್ತದೆ. ಯಾವುದೇ ಆಗಲಿ, ಪೈಪಿನ ಗೋಡೆ ಒಂದೂವರೆ ಮಿ.ಮೀ.ಗಿಂತ ತೆಳ್ಳಗೆ ಬೇಡ. ಸಾದಾ ಉಕ್ಕಿನ ಪೈಪಿಗೆ ಬಟ್ಟೆಯಂಥ ಹೀಟ್ ವ್ರ್ಯಾಪ್ ಸುತ್ತಿದರೆ ಅದು ತೇವ ಹಿಡಿದು ಪೈಪನ್ನು ಒಳಗೊಳಗೇ ತಿನ್ನುತ್ತದೆ.

ಹಳೆಯದನ್ನು ಬಿಚ್ಚುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದ ಘಟ್ಟ ಇದೇ. ಹೆಡ್ಡಿನಿಂದ ಚಾಚಿ ನಟ್ಟು ಹಿಡಿಯುವ ಥ್ರೆಡ್ಡಿನ ಕಡ್ಡಿ, ಅಂದರೆ ಸ್ಟಡ್, ಮುರಿದರೆ ಒಂದು ದಿನದ ಕೆಲಸ ವಾರಕ್ಕೆ ಎಳೆಯುತ್ತದೆ. ನನಗೆ ಈ ಕೆಲಸ ಕಲಿಸಿದ ಮೇಸ್ತ್ರಿ, ನಾನು ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗಲು ಹೊರಟಾಗ ಕೈ ಹಿಡಿದು ನಿಲ್ಲಿಸಿದ್ದರು. “ನಟ್ಟಿನ ಜೊತೆ ಜಗಳ ಆಡಬೇಡಿ ಸರ್. ಎಣ್ಣೆ ಹಾಕಿ, ಅದಕ್ಕೆ ಎರಡು ರಾತ್ರಿ ಕೊಡಿ,” ಎಂದರು.

ಹಾಗೆಯೇ ಮಾಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ನಟ್ಟಿನ ಬುಡಕ್ಕೆ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ, ಎರಡು ದಿನ ಬಿಡಿ. ಮೂರನೆಯ ದಿನ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆರು ಮೂಲೆಯ 12 ನಂಬರ್ ಸಾಕೆಟ್ ಹಾಕಿ. ಕಾಲು ಸುತ್ತು ಸಡಿಲಿಸಿ, ತುಸು ಹಿಂದಕ್ಕೆ ಬಿಗಿ ಮಾಡಿ, ಮತ್ತೆ ಸಡಿಲಿಸಿ. ತುಕ್ಕಿನ ಕೆಂಪು ಪುಡಿ ಥ್ರೆಡ್ಡಿನಿಂದ ಉದುರತೊಡಗಿದರೆ ಗೆದ್ದಂತೆ. ನಟ್ಟು ತಿರುಗುತ್ತಿದ್ದೂ ರಬ್ಬರಿನಂತೆ ಮೆತ್ತಗೆ ಅನ್ನಿಸಿತೋ, ಅಲ್ಲೇ ನಿಲ್ಲಿಸಿ. ಸ್ಟಡ್ ತಿರುಚಿಕೊಳ್ಳುತ್ತಿದೆ ಎಂದರ್ಥ. ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ.

ಮುರಿದೇಹೋದರೆ ಕೈ ಡ್ರಿಲ್ ಹಿಡಿದು ಕೊರೆಯಲು ಹೋಗಬೇಡಿ. ಹೆಡ್ ಅಲ್ಯೂಮಿನಿಯಮ್ಮಿನದು. ಗಟ್ಟಿ ಸ್ಟಡ್ ಬಿಟ್ಟು ಡ್ರಿಲ್ ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಜಾರುತ್ತದೆ. ಉಳಿದ ಮೋಟಿನ ಮೇಲೆ ಹೊಸ ನಟ್ಟು ಇಟ್ಟು ವೆಲ್ಡ್ ಮಾಡಿಸಿ, ಆ ಬಿಸಿಯಲ್ಲೇ ತಿರುಗಿಸಿದರೆ ಹೆಚ್ಚಿನ ಸಲ ಬಂದುಬಿಡುತ್ತದೆ. ಥ್ರೆಡ್ ಕೆಟ್ಟಿದ್ದರೆ ಲೇತ್ ಅಂಗಡಿಯವರು ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿಯ ಸುರುಳಿ) ಹಾಕಿಕೊಡುತ್ತಾರೆ. ವೆಲ್ಡಿಂಗಿಗೆ ಮುಂಚೆ ಆ ಜಾಗವನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗಿನ ಬಿಸಿಗೆ ವಿಷದ ಗಾಳಿಯಾಗುತ್ತದೆ. ಪೆಟ್ರೋಲ್ ಪೈಪುಗಳ ಕಡೆಗೆ ಕಿಡಿ ಹಾರದಂತೆ ನೋಡಿಕೊಳ್ಳಲು ಒಬ್ಬರನ್ನು ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ.

ಕೂರಿಸುವುದು

ಹೆಡ್ಡಿನ ಮುಖಕ್ಕೆ ಅಂಟಿದ ಹಳೆಯ ಪ್ಯಾಕಿಂಗನ್ನು ಮೊಂಡು ಪಟ್ಟಿಯಿಂದ ಕೆರೆಯಿರಿ. ಗ್ರೈಂಡರ್ ಹತ್ತಿರ ತರಬೇಡಿ. ರಂಧ್ರಗಳಿಗೆ ಬಟ್ಟೆ ತುರುಕಿಟ್ಟರೆ ಚೂರುಗಳು ಒಳಗೆ ಬೀಳುವುದಿಲ್ಲ; ನಾಲ್ಕು ಬಟ್ಟೆ ಇಟ್ಟಿದ್ದರೆ ನಾಲ್ಕನ್ನೂ ಎಣಿಸಿ ಹೊರಗೆ ತೆಗೆಯಿರಿ.

ಹೊಸ ಪ್ಯಾಕಿಂಗ್ ಹಾಕಿ, ಹೆಡರನ್ನು ಕೈಬಿಗಿಯಲ್ಲಿ ನಿಲ್ಲಿಸಿ ಸುತ್ತಲೂ ನೋಡಿ. ಸ್ಟೇರಿಂಗ್ ಶಾಫ್ಟ್, ಬ್ರೇಕ್ ಪೈಪ್, ಕ್ಲಚ್ ಕೇಬಲ್, ಸ್ಟಾರ್ಟರಿನ ದಪ್ಪ ತಂತಿ, ಯಾವುದಕ್ಕೂ ಪೈಪಿನಿಂದ 25 ಮಿ.ಮೀ.ಗಿಂತ ಕಡಿಮೆ ಅಂತರ ಇರಬಾರದು. ತಂತಿಗೆ ಇನ್ನೂ ಹೆಚ್ಚು ಬೇಕು. ನಿಂತ ಗಾಡಿಯಲ್ಲಿ ಅಂತರ ಕಂಡರೆ ಸಾಲದು. ಎಂಜಿನ್ ತನ್ನ ರಬ್ಬರ್ ಮೌಂಟಿಂಗಿನ ಮೇಲೆ ವಾಲುತ್ತದೆ, ಕಲ್ಲು ಹತ್ತಿದಾಗ ಮುಂದಿನ ಆಕ್ಸಲ್ ಮೇಲಕ್ಕೆ ಬರುತ್ತದೆ. ಸನ್ನೆಕೋಲಿನಿಂದ ಎಂಜಿನ್ನನ್ನು ಮೆಲ್ಲಗೆ ಅಲುಗಿಸಿ, ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಆಗಲೂ ಎಲ್ಲೂ ತಾಗದು ಎಂದು ಕಣ್ಣಾರೆ ಕಂಡ ಮೇಲೆ ಮುಂದುವರಿಯಿರಿ.

ಸ್ಟಡ್ಡಿನ ಥ್ರೆಡ್ಡಿಗೆ ತಾಮ್ರದ ಗ್ರೀಸನ್ನು ತೆಳ್ಳಗೆ ಸವರಿ, ಹೊಸ ನಟ್ಟು ಹಾಕಿ. ಪ್ಯಾಕಿಂಗಿಗೆ ಸಿಲಿಕಾನ್ ಪೇಸ್ಟ್ ಬೇಡ. ಅದು ಆ ಬಿಸಿಗೆ ನಿಲ್ಲುವುದಿಲ್ಲ, ಎಂಪಿಎಫ್‌ಐ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ. ನಡುವಿನ ನಟ್ಟಿನಿಂದ ಶುರುಮಾಡಿ ಎರಡೂ ಅಂಚಿನ ಕಡೆಗೆ ಬಿಗಿಯುತ್ತ ಹೋಗಿ, ಮೂರು ಸುತ್ತಿನಲ್ಲಿ. 8 ಮಿ.ಮೀ. ಸ್ಟಡ್ಡಿಗೆ ಸುಮಾರು 20ರಿಂದ 25 ನ್ಯೂಟನ್ ಮೀಟರ್ ಬಿಗಿತ ಸಾಕು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಅಂಕಿ ಹೇಳಿದರೆ ಅದನ್ನೇ ಪಾಲಿಸಿ. ಸೈಲೆನ್ಸರಿಗೆ ಕೂಡುವಲ್ಲಿ ಬಳುಕುವ ಬೆಲ್ಲೋಸ್ ಪೈಪ್ ಇರಲಿ. ಅದಿಲ್ಲದಿದ್ದರೆ ಎಂಜಿನ್ನಿನ ಪ್ರತಿ ಅಲುಗಾಟವೂ ಹೆಡರಿನ ವೆಲ್ಡಿಂಗಿನ ಮೇಲೆ ಬೀಳುತ್ತದೆ.

ಮೊದಲ ಸ್ಟಾರ್ಟ್ ಬಯಲಿನಲ್ಲಿ ಆಗಲಿ, ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಬೇಡ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೈಪ್ ಕಾಯುವ ಮುಂಚಿನ ಒಂದೆರಡು ನಿಮಿಷದಲ್ಲಿ ಜೋಡಣೆಗೆ ಸೋಪಿನ ನೀರು ಸಿಂಪಡಿಸಿ, ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು ನಟ್ಟುಗಳನ್ನು ಮತ್ತೆ ಬಿಗಿ ನೋಡಿ. ನೂರು ಕಿಲೋಮೀಟರಿಗೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ.

ಕಾರ್ಬೊರೇಟರ್ ಗಾಡಿಯವರು ಸ್ಪಾರ್ಕ್ ಪ್ಲಗ್ಗಿನ ಬಣ್ಣವನ್ನೂ ನೋಡಬೇಕು. ತಿಳಿಗಂದು ಇದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮೇನ್ ಜೆಟ್ ಒಂದು ಅಳತೆ ದೊಡ್ಡದು ಮಾಡಿಸಬೇಕು. ಇದನ್ನು ಬಿಟ್ಟರೆ ಏರಿನಲ್ಲಿ ವಾಲ್ವ್ ಸುಡುತ್ತದೆ.

ಹುಲ್ಲು, ಹೊಟ್ಟು ಮತ್ತು ಬೆಂಕಿ

ಇದು ನಮ್ಮ ಸೀಮೆಯವರಿಗೆ ಒತ್ತಿ ಹೇಳಬೇಕಾದ ಮಾತು. ಸುಗ್ಗಿಯಲ್ಲಿ ಹುರುಳಿ, ಜೋಳ, ಭತ್ತವನ್ನು ಡಾಂಬರು ರಸ್ತೆಯ ಮೇಲೆಯೇ ಹರವುತ್ತಾರೆ. ಅದರ ಮೇಲೆ ಹಾದುಹೋದರೆ ಒಣ ಬಳ್ಳಿ ಪ್ರೊಪೆಲರ್ ಶಾಫ್ಟಿಗೆ ಸುತ್ತಿಕೊಂಡು ಎಕ್ಸಾಸ್ಟಿಗೆ ತಾಗುತ್ತದೆ. ತೆಳು ಪೈಪಿನ ಹೆಡರ್ ಎರಕದ ಮ್ಯಾನಿಫೋಲ್ಡಿಗಿಂತ ಬೇಗ ಕಾಯುತ್ತದೆ, ಮೂಲ ಮ್ಯಾನಿಫೋಲ್ಡಿನ ತಗಡಿನ ಹೊದಿಕೆಯೂ ಈಗ ಇರುವುದಿಲ್ಲ. ಅಲ್ಯೂಮಿನಿಯಂ ತಗಡಿನ ಹೊದಿಕೆಯೊಂದನ್ನು ಪೈಪಿನಿಂದ ಎರಡು ಸೆಂಟಿಮೀಟರ್ ದೂರ ನಿಲ್ಲುವಂತೆ ಮಾಡಿಸಿಕೊಳ್ಳಿ. ಒಕ್ಕಣೆಯ ರಸ್ತೆ ದಾಟಿದ ಕೂಡಲೇ ಗಾಡಿ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ನಿಲ್ಲಿಸುವಾಗಲೂ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಪುಟ್ಟ ಅಗ್ನಿಶಾಮಕ ಸಿಲಿಂಡರೊಂದು ಚಾಲಕನ ಕೈಗೆಟುಕುವಲ್ಲಿ ಇರಲಿ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರಗಳನ್ನು ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190(2)ನೇ ಕಲಂ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಹೆಡರ್ ಕೊಳ್ಳುವ ಮುಂಚೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಸೈಲೆನ್ಸರನ್ನೂ, ಇದ್ದರೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನೂ ಕತ್ತರಿಸಿ ಬಿಸಾಡಬೇಡಿ. ಕೆಲಸ ಮುಗಿದ ಮೇಲೆ ಹೊಸದಾಗಿ ಹೊಗೆ ತಪಾಸಣೆ ಮಾಡಿಸಿಕೊಳ್ಳಿ.

ಬಿಚ್ಚಿದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕಬೇಡಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೂಲದಂತೆ ಮಾಡಿಕೊಂಡು ಬನ್ನಿ ಎಂದರೆ ಆಗ ಅದು ಬೇಕಾಗುತ್ತದೆ. ನನ್ನದನ್ನು ಬಿರುಕಿಗೆ ವೆಲ್ಡಿಂಗ್ ಮಾಡಿಸಿ, ಎಣ್ಣೆ ಸವರಿ, ಗೋಣಿತಟ್ಟಿನಲ್ಲಿ ಸುತ್ತಿ, ಎಂಟು ಹಳೆಯ ನಟ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಅದರ ಜೊತೆಗೇ ಕಟ್ಟಿಟ್ಟಿದ್ದೇನೆ.