ಹಳೇ ಲ್ಯಾಪ್‌ಟಾಪಿನಲ್ಲಿ ಗುರುತ್ವ ಅಲೆ: ನನ್ನ ಅನುಭವ

ಗುರುತ್ವ ಅಲೆ (ಕಪ್ಪುರಂಧ್ರಗಳಂಥವು ಡಿಕ್ಕಿ ಹೊಡೆದಾಗ ದೇಶಕಾಲದಲ್ಲೇ ಏಳುವ ಕಂಪನ) ಹುಡುಕೋಕೆ ದೊಡ್ಡ ಕಂಪ್ಯೂಟರ್ ಬೇಕು, ತೀರ್ಥಹಳ್ಳಿಯಲ್ಲಿ ಕೂತು ಆಗೋ ಕೆಲಸ ಅಲ್ಲ ಅಂದವರು ಒಬ್ಬಿಬ್ಬರಲ್ಲ. ಆಯ್ತಲ್ಲ! ಲೈಗೋದವರು (ಅಮೆರಿಕದ ಹ್ಯಾನ್‌ಫರ್ಡ್, ಲಿವಿಂಗ್‌ಸ್ಟನ್‌ಗಳಲ್ಲಿ ಈ ಅಲೆ ಹಿಡಿಯುವ ಯಂತ್ರ ಇಟ್ಟವರು) ಬಿಟ್ಟಿಯಾಗಿ ಕೊಡುವ ಡೇಟಾದಿಂದ, ಎರಡು ಕಪ್ಪುರಂಧ್ರ ಒಂದಾದಾಗ ಎದ್ದ 2015ರ ಸೆಪ್ಟೆಂಬರ್ 14ರ ಅಲೆಯನ್ನು ಮನೆಯಲ್ಲೇ ಹೊರಗೆ ತೆಗೆದೆ. ಪೈಥಾನ್ ಭಾಷೆ, ಎಫ್‌ಎಫ್‌ಟಿ (ಡೇಟಾವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಖರ್ಚು ಮೊದಲು. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, 8 ಜಿಬಿ, 17–18 ಸಾವಿರ. ಇನ್ವರ್ಟರ್ ಬ್ಯಾಟರಿ ಹತ್ತಿರ ಹತ್ತಿರ 15 ಸಾವಿರ, ನಿಜವಾಗಿ ಕೈ ಸುಟ್ಟದ್ದು ಅದು. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದರೆ ನಮ್ಮ ಕಡೆ ಎಷ್ಟು ದಿನ ಕರೆಂಟ್ ಇರಲ್ಲ ಅಂತ ಹೇಳಬೇಕಾ? 4096 ಸೆಕೆಂಡಿನ ಒಂದು ಫೈಲ್ ನೂರು ಎಂಬಿ ದಾಟುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದೆ, ಗುಡ್ಡ ಹತ್ತಿ ಕೊಡೆ ಹಿಡಿದು ಮೊಬೈಲಿಗೆ ಇಳಿಸಿಕೊಂಡಿದ್ದೂ ಇದೆ.

ನೇರವಾಗಿ ಗ್ರಾಫ್ ಹಾಕಿದರೆ ಬರೀ ಗದ್ದಲ. ಅಲೆಯ ಎತ್ತರ 10ರ ಮೈನಸ್ 21ನೇ ಘಾತದಷ್ಟು, ಗದ್ದಲ ಅದರ ನೂರಾರು ಪಟ್ಟು. ನಾಚ್ ಫಿಲ್ಟರ್ (ಒಂದೇ ಆವರ್ತನವನ್ನು ಸೋಸಿ ತೆಗೆಯೋದು) ಹಾಕಿ 60, 120, 180 ಹರ್ಟ್ಸ್ ಕತ್ತರಿಸಿದೆ. (ಅಮೆರಿಕದ ಕರೆಂಟ್ 60, ನಮ್ಮ ಹಾಗೆ 50 ಅಲ್ಲ.) ಆಮೇಲೆ 500ರ ಸುತ್ತ ಲೈಗೋ ಯಂತ್ರದ ಕನ್ನಡಿ ತೂಗುಹಾಕಿದ ಎಳೆಗಳ ಕಂಪನ. ತೋಟದಲ್ಲಿ ಕಳೆ ಕಿತ್ತ ಹಾಗೆ, ಮುಗಿಯೋದೇ ಇಲ್ಲ. ನಾಚ್ ಎಲ್ಲ ಬಿಸಾಕಿ, ವೈಟನಿಂಗ್ ಮಾಡಿ (ಎಲ್ಲ ಆವರ್ತನದ ಗದ್ದಲವನ್ನೂ ಒಂದೇ ಮಟ್ಟಕ್ಕೆ ತಂದು), 35ರಿಂದ 350 ಹರ್ಟ್ಸ್ ಮಾತ್ರ ಬಿಡುವ ಬ್ಯಾಂಡ್‌ಪಾಸ್ ಇಟ್ಟೆ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಏರುತ್ತಾ ಹೋಗಿ ತಟ್ಟನೆ ಇಳಿಯುವ ಗೆರೆ ಬಂತು. ಲಿವಿಂಗ್‌ಸ್ಟನ್ ಗೆರೆಯನ್ನು ತಲೆಕೆಳಗು ಮಾಡಿ ಸುಮಾರು 7 ಮಿಲಿಸೆಕೆಂಡ್ ಸರಿಸಿದರೆ ಹ್ಯಾನ್‌ಫರ್ಡ್ ಗೆರೆ ಮೇಲೆ ಸರಿಯಾಗಿ ಕೂತಿತು. ಕೊನೆಯ ಆ ಇಳಿತವನ್ನು ಬೆಂಗಳೂರಿನ ಭೌತವಿಜ್ಞಾನಿ ಸಿ.ವಿ. ವಿಶ್ವೇಶ್ವರ 1970ರಲ್ಲೇ ಲೆಕ್ಕದಲ್ಲಿ ತೋರಿಸಿದ್ದರು ಅಂತ ನೆನೆದರೆ ಈಗಲೂ ಖುಷಿ.

32 ಸೆಕೆಂಡಿನ ತುಂಡಿನಲ್ಲಿ ಅಲೆ ಕಂಡರೂ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಅಲೆ ಎಷ್ಟು ಗಟ್ಟಿ ಅನ್ನೋ ಅಂಕಿ) ಒಂದು ಕಡೆ ನಿಲ್ಲಲಿಲ್ಲ. ದೊಡ್ಡ ಫೈಲ್ ತಗೊಂಡು, 4 ಸೆಕೆಂಡಿನ ತುಂಡುಗಳ ಮೀಡಿಯನ್‌ನಿಂದ ಪಿಎಸ್‌ಡಿ (ಯಾವ ಆವರ್ತನದಲ್ಲಿ ಎಷ್ಟು ಗದ್ದಲ ಅನ್ನೋ ಲೆಕ್ಕ) ಮಾಡಿದ ಮೇಲೆ ನಿಂತಿತು. ತುಂಡಿನ ಅಂಚನ್ನು ಮೆಲ್ಲಗೆ ಸೊನ್ನೆಗೆ ಇಳಿಸೋಕೆ ಯಾವ ವಿಂಡೋ ಅನ್ನೋದು ನನ್ನಲ್ಲೇ ಇರಲಿ, ಅದಕ್ಕೆ ಒಂದು ಮಳೆಗಾಲವೇ ಹೋಗಿದೆ. ಟೆಂಪ್ಲೇಟಿಗೆ (ಡೇಟಾದ ಜೊತೆ ಹೋಲಿಸೋಕೆ ಲೆಕ್ಕ ಹಾಕಿ ಮಾಡಿದ ಮಾದರಿ ಅಲೆ) ಆ ಎರಡು ಕಪ್ಪುರಂಧ್ರಗಳ 36, 29 ಸೂರ್ಯರ ತೂಕ ಹಾಗೇ ಹಾಕಬೇಡಿ. ದೂರದಿಂದ ಬರುವಾಗ ಅಲೆ ಹಿಗ್ಗಿರುತ್ತದೆ, ಶೇ. 9ರಷ್ಟು ಜಾಸ್ತಿ ಮಾಡಿ. ನನಗೆ ಎಸ್‌ಎನ್‌ಆರ್ ಹ್ಯಾನ್‌ಫರ್ಡಿನಲ್ಲಿ 19ರ ಸುತ್ತ, ಲಿವಿಂಗ್‌ಸ್ಟನ್‌ನಲ್ಲಿ 13 ಬಂತು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 23. ಅವರು ಪ್ರಕಟಿಸಿದ್ದು 24!

"ಅಲ್ಲ ಮಾರಾಯ್ರೆ, ಟೆಂಪ್ಲೇಟ್ ಕೊಟ್ಟು ಹುಡುಕಿದ್ರೆ ಗದ್ದಲದಲ್ಲೂ ಅದೇ ಸಿಗುತ್ತೆ" ಅಂದರು ಕಾಲೇಜಿನ ಸಹೋದ್ಯೋಗಿ. ಪ್ರಶ್ನೆ ಸರಿಯಾಗಿಯೇ ಇತ್ತು. ಎರಡು ಲೈಗೋಗಳ ನಡುವೆ ಬೆಳಕಿಗೇ 10 ಮಿಲಿಸೆಕೆಂಡ್ ಬೇಕು. ನಿಜವಾದ ಅಲೆಯ ಜಾಗ ಕತ್ತರಿಸಿ, ಒಂದು ಡೇಟಾವನ್ನು ಅದಕ್ಕಿಂತ ಜಾಸ್ತಿ ಸರಿಸಿದರೆ ಸಿಗೋದೆಲ್ಲ ಸುಳ್ಳು ಜೋಡಿ. ರಾತ್ರಿಯಿಡೀ ಸರಿಸುತ್ತಾ ಓಡಿಸಿದೆ. ಸುಳ್ಳು ಜೋಡಿಗಳ ಎಸ್‌ಎನ್‌ಆರ್ 9–10 ದಾಟಲಿಲ್ಲ. ಬೆಳಿಗ್ಗೆ ಹಿಸ್ಟೋಗ್ರಾಮ್ ಅವರ ಮೇಜಿನ ಮೇಲಿಟ್ಟೆ. ಮಾತಿಲ್ಲ.

ಮಧ್ಯೆ ಸುಮ್ನೆ ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪತ್ತೆಯಂತ್ರದ ಡೇಟಾವನ್ನೂ ಕೆದಕಿದೆ. ಒಂದು ಲಕ್ಷ ಡಿಕ್ಕಿಗಳ ಮ್ಯೂಆನ್ (ಎಲೆಕ್ಟ್ರಾನಿನ ಥರದ, ಅದಕ್ಕಿಂತ ಭಾರದ ಕಣ) ಜೋಡಿ, ಒಂದೇ ಸಂಜೆಯ ಕೆಲಸ. ಜೋಡಿಯ ದ್ರವ್ಯರಾಶಿಯ ಗ್ರಾಫಿನಲ್ಲಿ 3.1 ಜಿಇವಿ (ಕಣಗಳ ತೂಕದ ಅಳತೆ) ಹತ್ತಿರ ಜೆ/ಸೈ ಕಣದ ಶಿಖರ, 91ರಲ್ಲಿ ಝಡ್ ಕಣದ್ದು. ಬಿಎಸ್ಸಿ ಹುಡುಗರಿಗೆ ಇದೇ ಜಾಸ್ತಿ ಹಿಡಿಸಿತು.

ಈಗ 2017ರ ಆಗಸ್ಟ್ 17ರ ನ್ಯೂಟ್ರಾನ್ ತಾರೆಗಳ ಅಲೆಗೆ ಕೈಹಾಕಿದ್ದೇನೆ. ಸುಮಾರು 100 ಸೆಕೆಂಡ್ ಉದ್ದ. ಸಾವಿರ ಟೆಂಪ್ಲೇಟ್ ಒಟ್ಟಿಗೆ ಮೆಮೊರಿಗೆ ಹಾಕಿದರೆ ಲ್ಯಾಪ್‌ಟಾಪ್ ನಿಂತೇ ಹೋಗುತ್ತೆ. ಲಿವಿಂಗ್‌ಸ್ಟನ್‌ನಲ್ಲಿ ವಿಲೀನಕ್ಕೆ ಒಂದು ಸೆಕೆಂಡ್ ಮುಂಚೆ ದೊಡ್ಡ ಗ್ಲಿಚ್ (ಯಂತ್ರದ್ದೇ ಗದ್ದಲದ ಹೊಡೆತ) ಬೇರೆ. ಅದನ್ನು ತೆಗೆದ ಡೇಟಾ ಅವರೇ ಕೊಟ್ಟಿದ್ದಾರೆ, ಆದರೆ ನಾನೇ ತೆಗೆದು ನೋಡಬೇಕು ಅಂತಿದ್ದೇನೆ. ಅಡಿಕೆ ದುಡ್ಡು ಬಂದ ಮೇಲೆ 16 ಜಿಬಿ ಹಾಕಿಸುತ್ತೇನೆ.