ಕೈಬಿಟ್ಟಿದ್ದ ಕೂಲಂಟ್ ಕಾಲಂ

ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕತ್ತರಿಸುವ ಮೆಷಿನ್) ಶೆಡ್ಡಿನಲ್ಲಿ ಶಾಫ್ಟ್‌ಗಳ ವ್ಯಾಸ ತಪ್ಪುತ್ತಿತ್ತು. ಸಾವಿರಕ್ಕೆ ಮೂವತ್ತರಷ್ಟು ರಿಜೆಕ್ಟ್. ಕಂಪನವೇ ಕಾರಣವೆಂದು ಮಾಲೀಕರು 80 ಸಾವಿರದ ಹೊಸ ಕಂಪನ ಸೆನ್ಸರ್ ತರಿಸುವವರಿದ್ದರು. ದಾಖಲೆಯಲ್ಲಿ ಇರುವ ಒಂಬತ್ತು ಕಾಲಂಗಳಲ್ಲೇ ಮ್ಯೂಚುಯಲ್ ಇನ್ಫರ್ಮೇಶನ್ ಲೆಕ್ಕ ಹಾಕೋಣ ಎಂದೆ; ಅಂದರೆ ಒಂದು ಕಾಲಂ ಗೊತ್ತಾದರೆ ವ್ಯಾಸದ ಬಗ್ಗೆ ಎಷ್ಟು ತಿಳಿಯುತ್ತದೆ ಎಂಬುದರ ಅಳತೆ, ಬಿಟ್‌ಗಳಲ್ಲಿ. “ಕೋರಿಲೇಶನ್ ನೋಡಿ ಆಗಿದೆಯಲ್ಲ ಸಾರ್, ಕೂಲಂಟ್ ಉಷ್ಣಾಂಶಕ್ಕೆ ಬರೀ 0.04” ಎಂದು ಕ್ವಾಲಿಟಿ ಹುಡುಗ ನಕ್ಕ. ಕೂಲಂಟ್ ಎಂದರೆ ಕತ್ತರಿಸುವಾಗ ತಣಿಸುವ ದ್ರವ; ಕೋರಿಲೇಶನ್ ಎಂದರೆ ಎರಡು ಅಂಕಿಗಳು ಎಷ್ಟರಮಟ್ಟಿಗೆ ನೇರವಾಗಿ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ.

ಮೊದಲ ಸಲ ಮಾನ ಹೋಯಿತು. ಸುಮಾರು 600 ಸಾಲು, ಕಾಲಂಗೂ ವ್ಯಾಸಕ್ಕೂ ತಲಾ 20 ಬಿನ್, ಅಂದರೆ ಅಂಕಿಗಳನ್ನು ಹಂಚುವ ಖಾನೆ. ಯಾವ ಕಾಲಂ ಹಾಕಿದರೂ 0.4 ಬಿಟ್‌ಗೆ ಕಡಿಮೆಯಿಲ್ಲ. ಅನುಮಾನ ಬಂದು ಬರೀ ರ‍್ಯಾಂಡಮ್ ಸಂಖ್ಯೆಗಳ ಕಾಲಂ ತುರುಕಿದೆ. ಅದಕ್ಕೂ 0.4! ಸಂಬಂಧವೇ ಇಲ್ಲದಿದ್ದರೂ ಬಿನ್‌ಗಳಿಂದಲೇ ಇಷ್ಟು ಬರುತ್ತದೆ: 19ನ್ನು (ಬಿನ್‌ಗಿಂತ ಒಂದು ಕಡಿಮೆ) 19ರಿಂದ ಗುಣಿಸಿ, ಸಾಲುಗಳ ಇಮ್ಮಡಿಯಿಂದಲೂ, ಬಿಟ್‌ಗೆ ತಿರುಗಿಸುವ 0.693ರಿಂದಲೂ ಭಾಗಿಸಿದರೆ ಬರುವುದು 0.43. ಬಿನ್‌ಗಳನ್ನು ಅಳೆದು ಮೆಷಿನ್ ಅಳೆದೆ ಎಂದುಕೊಂಡಿದ್ದೆ. ಮಿಲಿಮೀಟರನ್ನು ಮೈಕ್ರಾನ್ ಮಾಡಿದಾಗ ಡಿಫರೆನ್ಶಿಯಲ್ ಎಂಟ್ರೊಪಿ (ಅನಿಶ್ಚಿತತೆಯ ಅಳತೆ) ಹತ್ತು ಬಿಟ್ ಏರಿದ್ದನ್ನು ಕಂಡು, ಅದು ಬರೀ ಮಾನ ಬದಲಾದದ್ದರ ಫಲವೆಂದು ತಿಳಿಯದೆ, ಸ್ವಲ್ಪ ಹೊತ್ತು ಹಿಗ್ಗಿದ್ದೂ ಉಂಟು.

ಬಿನ್ ಬಿಟ್ಟು, ಕ್ರಾಸ್ಕೊವ್ ಮತ್ತು ಜೊತೆಗಾರರ 2004ರ ನೆರೆಬಿಂದು ವಿಧಾನಕ್ಕೆ ಹೋದೆ; ಅದು ಪ್ರತಿ ಬಿಂದುವಿನಿಂದ ಹತ್ತಿರದ ಬಿಂದುಗಳಿಗೆ ಇರುವ ದೂರ ನೋಡಿ ಲೆಕ್ಕ ಹಾಕುತ್ತದೆ. ಅಲ್ಲೂ ಎಡವಟ್ಟು: ಮೈಕ್ರೊಮೀಟರ್ ಪೂರ್ಣ ಮೈಕ್ರಾನ್‌ಗಳನ್ನೇ ಕೊಡುತ್ತದೆ, ಒಂದೇ ಅಳತೆ ನೂರು ಕಡೆ, ನೆರೆಯ ದೂರ ಸೊನ್ನೆ. ಚಿಟಿಕೆ ನಾಯ್ಸ್ (ಅತಿ ಸಣ್ಣ ರ‍್ಯಾಂಡಮ್ ಸಂಖ್ಯೆಗಳು) ಉದುರಿಸಿದ ಮೇಲೆ ಸರಿಹೋಯಿತು. ಆಮೇಲೆ ಸಂಬಂಧವೇ ಇಲ್ಲದಿದ್ದರೆ ಎಷ್ಟು ಬರುತ್ತದೆಂದು ನೋಡಲು ವ್ಯಾಸದ ಕಾಲಮ್ಮನ್ನು ಇನ್ನೂರು ಸಲ ಕಲಸಿ, ಕಲಸಿದಾಗ ಬಂದದ್ದಕ್ಕೆ ಹೋಲಿಸಿದೆ. ಆರು ಕಾಲಂಗಳು ಅಲ್ಲೇ ಉದುರಿದವು. ಕಂಪನಕ್ಕೆ 0.05ರ ಆಸುಪಾಸು, ಕೂಲಂಟ್ ಉಷ್ಣಾಂಶಕ್ಕೆ 0.3 ಬಿಟ್! ಬೆಳಗ್ಗೆ ಮೆಷಿನ್ ತಣ್ಣಗಿದ್ದಾಗಲೂ ತಪ್ಪು, ಮಧ್ಯಾಹ್ನ ಕಾದಾಗಲೂ ತಪ್ಪು, ನಡುವೆ ಸರಿ. ಇಂಥ ದೋಣಿಯಾಕಾರ ಕೋರಿಲೇಶನ್ನಿಗೆ ಕಾಣುವುದೇ ಇಲ್ಲ. ಉಷ್ಣಾಂಶವನ್ನು ಎಷ್ಟು ನಿಮಿಷ ಹಿಂದಕ್ಕೆ ಸರಿಸಿ ಜೋಡಿಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಈ ನಡುವೆ ಒಂದು ರಾತ್ರಿ ಇದೇ ಕೋಡಿಗೆ ಕನ್ನಡ ಪಠ್ಯ ಉಣಿಸಿ ಅಕ್ಷರಕ್ಕೆಷ್ಟು ಎಂಟ್ರೊಪಿ ಎಂದು ನೋಡಿದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಯೂನಿಕೋಡ್ ಆರಾಗಿ ಎಣಿಸುತ್ತದೆ. ಒತ್ತಕ್ಷರ ಬಿಡಿಸದೆ ಎಣಿಸುವಷ್ಟರಲ್ಲಿ ಬೆಳಗಾಯಿತು. ಆ ಲೆಕ್ಕ ಇನ್ನೂ ಬಾಕಿ.

ಕೊನೆಗೆ ಸೆನ್ಸರ್ ಬರಲಿಲ್ಲ. 35 ಸಾವಿರಕ್ಕೆ ಕೂಲಂಟ್ ತಣಿಸುವ ಹಳೆಯ ಚಿಲ್ಲರ್ ಬಂತು, ಬೆಳಗ್ಗೆ ಇಪ್ಪತ್ತು ನಿಮಿಷ ಮೆಷಿನನ್ನು ಖಾಲಿ ಓಡಿಸುತ್ತಾರೆ. ರಿಜೆಕ್ಟ್ ಈಗ ಸಾವಿರಕ್ಕೆ ಹತ್ತೋ ಹನ್ನೊಂದೋ. ನಕ್ಕಿದ್ದ ಹುಡುಗ ಮೊನ್ನೆ ಪಕ್ಕದ ಮೆಷಿನ್ನಿನ ಫೈಲ್ ಕಳಿಸಿದ್ದ, 140 ಸಾಲು. ಸಾಲದು ಎಂದು ಹಿಂದಕ್ಕೆ ಕಳಿಸಿದ್ದೇನೆ.